ಮಧುಗಿರಿನಾ, ಅಂತರಗಂಗೆನಾ, ಗುಡಿಬಂಡೆನಾ? ಕಾರಲ್ಲಿ ಬಂಡೆ ಬೆಟ್ಟ ಸುತ್ತೋಕೆ ಹೊರಟೋರಿಗೆ

ನಮ್ಮಕ್ಕನ ಮಗ ಅಮೆರಿಕದಲ್ಲಿದಾನೆ. ಹೋದ್ ಸಲ ಫ್ರೆಂಡ್ಸ್ ಜೊತೆ ಕಾರ್ ಬಾಡಿಗೆಗೆ ತಗೊಂಡು ಯೂಟಾ, ಅರಿಜೋನಾ ಕಡೆ ಮರುಭೂಮಿ ಸುತ್ತಿ ಬಂದು, ಕೆಂಪು ಕಲ್ಲಿನ ಕಮಾನು, ಕಂಬ, ಅಣಬೆ ಥರದ ಬಂಡೆ ಅಂತ ದಿನಾ ಇಪ್ಪತ್ತು ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕ್ತಿದ್ದ. ನಮ್ಮಮ್ಮ ಅದನ್ನೆಲ್ಲ ಕನ್ನಡಕ ಹಾಕ್ಕೊಂಡು ಒಂದೊಂದೇ ನೋಡಿ "ಇದೇನ್ ಮಹಾ, ನಮ್ ಮಿಡಿಗೇಶಿ ಕಡೆ ಹೋದ್ರೆ ಇಂಥವು ಬೇಕಾದಷ್ಟು ಬಿದ್ದವೆ" ಅಂದ್ಬಿಟ್ರು. ಅವನು ಅದನ್ನೇ ಹಿಡ್ಕೊಂಡ. ಡಿಸೆಂಬರಲ್ಲಿ ಬರ್ತೀನಿ ಮಾವ, ಮೂರು ದಿನ ಇರತ್ತೆ, ಕಾರಲ್ಲಿ ಕರ್ಕೊಂಡು ಹೋಗಿ ತೋರ್ಸಿ ಅಂದ. ಸರಿ ಅಂತ ಲಿಸ್ಟ್ ಮಾಡೋಕೆ ಕೂತ್ರೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆ ಸೇರಿ ಇಪ್ಪತ್ತು ಬೆಟ್ಟ ಆಯ್ತು. ಮೂರು ದಿನಕ್ಕೆ ಮೂರೋ ನಾಲ್ಕೋ ಅಷ್ಟೇ ಆಗೋದು. ಯಾವುದು ಬಿಡೋದು, ಯಾವುದು ಹತ್ತೋದು ಅಂತ ನಾನು, ನನ್ ಹೆಂಡ್ತಿ, ನಮ್ ಭಾವಮೈದ ಸೇರಿ ಜಗಳ ಆಡಿ ಆಡಿ ಕೊನೆಗೆ ಒಂದು ಲೆಕ್ಕಕ್ಕೆ ಬಂದ್ವಿ, ಅದನ್ನೇ ಇಲ್ಲಿ ಬರೀತಿದೀನಿ, ನಮ್ಮಂಗೆ ಮನೆಮಂದಿನೆಲ್ಲ ಕಾರಲ್ಲಿ ತುಂಬ್ಕೊಂಡು ಹೋಗೋರಿಗೆ ಉಪಯೋಗ ಆಗ್ಬೋದು.

ಅಮ್ಮ ಹೇಳಿದ್ದು ಪೂರ್ತಿ ಸರಿ ಅಲ್ಲ ಬಿಡಿ. ಅಲ್ಲಿರೋದು ಮರಳುಕಲ್ಲು, ಮರಳು ಪದರ ಪದರವಾಗಿ ಕೂತು ಗಟ್ಟಿಯಾಗಿದ್ದು, ಅದಕ್ಕೇ ನೀರು, ಹಿಮ, ಗಾಳಿ ಎಲ್ಲ ಸೇರ್ಕೊಂಡು ಅದರಲ್ಲಿ ಕಮಾನು ಕಿಟಕಿ ಕೊರೆಯತ್ತೆ. ಆ ಥರ ಕೆಂಪು ಕಲ್ಲು ನಮ್ ರಾಜ್ಯದಲ್ಲೇ ನೋಡ್ಬೇಕು ಅಂದ್ರೆ ಬಾದಾಮಿಗೆ ಹೋಗ್ಬೇಕು. ನಮ್ ಸೀಮೆದು ಗ್ರಾನೈಟು, ನೆಲದೊಳಗೆ ಆಳದಲ್ಲಿ ಕರಗಿದ್ದು ನಿಧಾನಕ್ಕೆ ಆರಿ ಕಲ್ಲಾಗಿದ್ದು. ತುಮಕೂರು ಕಡೆದಕ್ಕೆ ಜಿಯಾಲಜಿಯೋರು ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು, ಅಲ್ಲಿಂದ ಮಾಗಡಿ, ದೇವರಾಯನದುರ್ಗ, ಮಧುಗಿರಿ, ಪಾವಗಡ ಅಂತ ಉತ್ತರಕ್ಕೆ ಒಂದು ಪಟ್ಟಿ ಥರ ಹೋಗತ್ತೆ, ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲಿಗೆ ಅಡ್ಡಡ್ಡ ಉದ್ದುದ್ದ ಸೀಳು ಬಿದ್ದಿರತ್ತೆ, ಸೀಳಲ್ಲಿ ಮಳೆನೀರು ಇಳಿದು ಕಲ್ಲನ್ನ ಕೊಳೆಸತ್ತೆ, ಮೂಲೆಗಳಿಗೆ ಎರಡ್ಮೂರು ಕಡೆಯಿಂದ ನೀರು ತಾಗೋದ್ರಿಂದ ಅವು ಮೊದ್ಲು ಉದುರ್ತವೆ, ಹಂಗಾಗಿ ಚೌಕ ಇದ್ದಿದ್ದು ಗುಂಡಾಗತ್ತೆ, ಸುತ್ತ ಇದ್ದ ಮಣ್ಣು ಕೊಚ್ಚಿ ಹೋದ್ಮೇಲೆ ಯಾರೋ ಎತ್ತಿ ಜೋಡ್ಸಿಟ್ಟಂಗೆ ಗುಂಡು ಮೇಲೆ ಗುಂಡು ಉಳ್ಕೊಳತ್ತೆ. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಮರುಭೂಮಿಲಿ ಇರೋ ಗುಂಡುಗಳೂ ಇದೇ ಲೆಕ್ಕದಲ್ಲಿ ಆಗಿದ್ದಂತೆ, ಅದರ ಫೋಟೋ ನೋಡಿದ್ರೆ ಮಾತ್ರ ಅಮ್ಮ ಹೇಳಿದ್ದು ನಿಜ ಅನ್ಸತ್ತೆ, ಕಳ್ಳಿ ಗಿಡ ಒಂದು ಬೇರೆ, ಉಳಿದಿದ್ದೆಲ್ಲ ಕೊರಟಗೆರೆ ರೋಡೇ.

ಮರುಭೂಮಿ ನಮ್ದಲ್ಲ, ಒಪ್ಕೋತೀನಿ. ಆದ್ರೆ ಮಳೆ ನೆರಳಿನ ನಾಡು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ. ತಮಾಷೆ ಏನಂದ್ರೆ ಪೆನ್ನಾರು, ಪಾಲಾರು, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟೋದು ನಂದಿಬೆಟ್ಟದ ಸುತ್ತಮುತ್ತಲೇ, ಹುಟ್ಟಿ ನೀರು ನೋಡೋಷ್ಟರಲ್ಲಿ ಆಂಧ್ರಕ್ಕೋ ತಮಿಳ್ನಾಡಿಗೋ ಹೋಗ್ಬಿಡ್ತವೆ, ತವರಿಗೆ ಒಂದು ಚೊಂಬು ನೀರು ಬಿಡದಿರೋ ಹೆಣ್ಮಕ್ಕಳ ಥರ. ಹಂಗಾಗಿ ಬೆಟ್ಟ ಬೋಳು, ಮರ ಕಮ್ಮಿ, ನೆರಳು ಇಲ್ವೇ ಇಲ್ಲ. ಈ ನೆರಳು ಇಲ್ಲ ಅನ್ನೋದನ್ನ ಮರೀಬೇಡಿ, ಕೆಳಗೆ ಬರೆಯೋದೆಲ್ಲ ಅದರ ಮೇಲೇ ನಿಂತಿದೆ.

ಎಲ್ರೂ ಮಾಡೋ ತಪ್ಪು ಏನಂದ್ರೆ ನೆಟ್ಟಲ್ಲಿ ಎತ್ತರ ನೋಡಿ ಬೆಟ್ಟ ಆರಿಸ್ತಾರೆ. ನಂದಿ 1,478 ಮೀಟರು, ಮಧುಗಿರಿ 1,200ಕ್ಕೂ ಸ್ವಲ್ಪ ಕಮ್ಮಿ, ಹಂಗಾದ್ರೆ ಮಧುಗಿರಿ ಸುಲಭ ಅಂತ. ಅದು ಸಮುದ್ರ ಮಟ್ಟದಿಂದ ಅಳೆದಿದ್ದು ಸ್ವಾಮಿ. ನಂದಿ ತುದಿವರ್ಗೂ ಕಾರ್ ಹೋಗತ್ತೆ, ಮಧುಗಿರಿಲಿ ಊರಿನ ಮಟ್ಟದಿಂದ ಸುಮಾರು 400 ಮೀಟರು ಕಾಲಲ್ಲೇ ಹತ್ಬೇಕು, ಅದೂ ಹೆಚ್ಚುಕಮ್ಮಿ ಬರೀ ಕಲ್ಲಿನ ಮೇಲೆ. ನೋಡ್ಬೇಕಾಗಿರೋದು ಎತ್ತರ ಅಲ್ಲ, ಕಾಲ ಕೆಳಗೆ ಏನಿರತ್ತೆ ಅನ್ನೋದು. ಒಂದು, ಹಾಸುಬಂಡೆ, ಅಂದ್ರೆ ಇಡೀ ಬೆಟ್ಟ ಒಂದೇ ಕಲ್ಲು, ಅದರ ಬೆನ್ನ ಮೇಲೆ ನಡ್ಕೊಂಡು ಹೋಗೋದು. ಎರಡು, ಗುಂಡು ಬಂಡೆ ಗವಿ, ಬಂಡೆಗಳ ಸಂದೀಲಿ ನುಗ್ಗಿ ತೂರಿ ಹೋಗೋದು. ಮೂರು, ಮೆಟ್ಲು ಇರೋ ಕೋಟೆನೋ ದೇವಸ್ಥಾನನೋ. ಕಾರಲ್ಲಿ ಯಾರಿದಾರೆ ನೋಡ್ಕೊಂಡು ಈ ಮೂರರಲ್ಲಿ ಒಂದು ಆರಿಸಿ, ಆಮೇಲೆ ಬೆಟ್ಟದ ಹೆಸರು.

ಹಾಸುಬಂಡೆ ಅಂದ್ರೆ ನನ್ ಲೆಕ್ಕದಲ್ಲಿ ಮಧುಗಿರಿ ಒಂದೇ, ಮಿಕ್ಕಿದ್ದೆಲ್ಲ ಅದಾದ್ಮೇಲೆ. ತುಮಕೂರಿಂದ ಕೊರಟಗೆರೆ ಮೇಲೆ ನಲವತ್ತು ಚಿಲ್ಲರೆ ಕಿಲೋಮೀಟರು, ಊರು ಹತ್ರ ಬರ್ತಿದ್ದಂಗೆ ಆನೆ ಮಲಗಿದಂಗೆ ಕಾಣತ್ತೆ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲಾ ಬೆಟ್ಟ ಅಂತ ಎಲ್ರೂ ಹೇಳ್ತಾರೆ, ಯಾರು ಟೇಪ್ ಹಿಡಿದು ಅಳೆದ್ರೋ ಏನೋ, ನೋಡೋಕೆ ಮಾತ್ರ ಆ ಮಾತಿಗೆ ಮೋಸ ಇಲ್ಲ. ಕೆಳಗೆ ವೆಂಕಟರಮಣಸ್ವಾಮಿ, ಮಲ್ಲೇಶ್ವರ ಎರಡು ಹಳೇ ದೇವಸ್ಥಾನ ಇವೆ, ಅಲ್ಲೇ ಹತ್ರದಿಂದ ಕೋಟೆ ಶುರು. ಮೊದ್ಲು ಪಾಳೇಗಾರರು ಕಟ್ಟಿದ್ದು, ಆಮೇಲೆ ಹೈದರಾಲಿ ಕೈಗೆ ಬಂದು ಅವನು ಇನ್ನೂ ಗಟ್ಟಿ ಮಾಡಿಸ್ದ ಅಂತಾರೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಬಾಗಿಲುಗಳಿವೆ. ಶುರೂಲಿ ಮೆಟ್ಲಿರೋದ್ರಿಂದ ಎಲ್ರಿಗೂ ಉತ್ಸಾಹ, ಹಾಡು, ರೀಲ್ಸು. ಅರ್ಧಕ್ಕೆ ಬಂದ್ಮೇಲೆ ಮೆಟ್ಲು ಮುಗಿದು ಬೋಳು ಬಂಡೆ ಸಿಗತ್ತೆ, ಪಾದ ಇಡೋಕೆ ಕಲ್ಲಲ್ಲೇ ಸಣ್ಣ ಸಣ್ಣ ಗೂಡು ಥರ ಕಡಿದಿದಾರೆ, ಕೆಲವು ಕಡೆ ಹಿಡ್ಕೊಳ್ಳೋಕೆ ಕಂಬಿ ಇದೆ, ಹಿಂದೆ ತಿರುಗಿ ನೋಡಿದ್ರೆ ಮಧುಗಿರಿ ಊರು ಅಂಗೈ ಅಷ್ಟಾಗಿರತ್ತೆ. ಅಲ್ಲೇ ಹಾಡು ನಿಲ್ಲೋದು. ಅಲ್ಲಿಂದ ವಾಪಸ್ ಇಳಿಯೋರೇ ಜಾಸ್ತಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ತುದಿಲಿ ಹಾಳು ಬಿದ್ದಿರೋ ಗೋಪಾಲಕೃಷ್ಣ ದೇವಸ್ಥಾನ ಇದೆ, ಗಾಳಿ ಇದೆ, ಮನುಷ್ಯರು ಕಮ್ಮಿ. ಆರಾಮಾಗಿ ಹತ್ತೋಕೆ ಎರಡೂವರೆ ಗಂಟೆ, ಇಳಿಯೋಕೆ ಒಂದೂವರೆ ಇಟ್ಕೊಳ್ಳಿ.

ನಾವು ಮೊದಲನೇ ಸಲ ಹೋಗಿದ್ದು ಏಪ್ರಿಲಲ್ಲಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೋಗೋಣ ಅಂತ ಹಿಂದಕ್ಕೆ ಹೋಗಿ, ತಿಂದು, ಕಾಫಿ ಕುಡಿದು, ಬೆಟ್ಟದ ಬುಡಕ್ಕೆ ಬಂದಾಗ ಹತ್ತೂವರೆ, ಇಬ್ಬರಿಗೆ ಸೇರಿ ಒಂದು ಲೀಟರ್ ಬಾಟಲಿ. ಹಾಸುಬಂಡೆ ಶುರುವಾಗೋ ಜಾಗಕ್ಕೆ ನೀರು ಖಾಲಿ, ಬಂಡೆ ಕಾದ ಹಂಚು, ಕೈ ಊರೋಕಾಗ್ತಿಲ್ಲ, ನಮ್ ಭಾವಮೈದನ ಮುಖ ಹುಣಸೆಹಣ್ಣಿನ ಥರ ಆಗೋಗಿತ್ತು. ಕೋಟೆ ಬಾಗಿಲಿನ ನೆರಳಲ್ಲಿ ಬಂದು ಬಿದ್ಕೊಂಡ್ವಿ. ಕುರಿ ಹೊಡ್ಕೊಂಡು ಬಂದಿದ್ದ ಒಬ್ಬ ಅಜ್ಜ ಮಜ್ಜಿಗೆ ಕೊಟ್ಟು, "ಬಂಡೆ ಬಿಸಿಯಾಗೋ ಹೊತ್ಗೆ ನೀವು ಕೆಳಗಿರ್ಬೇಕು ಕಣಪ್ಪ, ಈಗ್ ಹತ್ತಕ್ ಬತ್ತಾರಾ" ಅಂತ ಬೈದ. ಎರಡನೇ ಸಲ ನವೆಂಬರಲ್ಲಿ ಬೆಳಕು ಹರಿಯೋ ಹೊತ್ಗೆ ಹೋದ್ವಿ, ಅದೇ ಬೆಟ್ಟನಾ ಇದು ಅನ್ನಿಸ್ತು.

ಮಧುಗಿರಿಗೆ ಇನ್ನೂ ಎರಡು ಮಾತು. ಹೆಸರಲ್ಲೇ ಜೇನಿದೆ, ಬಂಡೆ ಮೈಗೆ ಹೆಜ್ಜೇನು ಕಟ್ಟಿರತ್ತೆ, ಹಂಗಾಗಿ ಸೆಂಟು ಬಳ್ಕೊಂಡು ಹೋಗೋದು, ಹೊಗೆ ಹಾಕೋದು, ಕೂಗಾಡೋದು, ಡ್ರೋನ್ ಹಾರ್ಸೋದು ಬೇಡ. ಹೆಜ್ಜೇನು ಎದ್ರೆ ಆ ಬೋಳು ಬಂಡೆ ಮೇಲೆ ಓಡೋಕೂ ಜಾಗ ಇಲ್ಲ. ಇನ್ನೊಂದು ಮಳೆ. ಒಣಗಿದ ಗ್ರಾನೈಟ್ ಮೇಲೆ ರಬ್ಬರ್ ಸೋಲ್ ಗಮ್ ಹಾಕಿದಂಗೆ ಹಿಡ್ಕೊಳತ್ತೆ, ಆದ್ರೆ ನೀರು ಹರಿಯೋ ದಾರಿಲಿ ಕಪ್ಪು ಪಟ್ಟೆ ಪಟ್ಟೆ ಕಾಣತ್ತಲ್ಲ, ಅದು ಪಾಚಿ, ಒದ್ದೆ ಆದ್ರೆ ಸೋಪು. ಮಳೆ ಬಂದಿದ್ದ ಮಾರನೇ ದಿನ ಮಧುಗಿರಿ ಪೂರ್ತಿ ಹತ್ತೋ ಯೋಚನೆ ಬಿಡಿ. ಹತ್ತು ವರ್ಷದೊಳಗಿನ ಮಕ್ಕಳಿದ್ರೆ ಅರ್ಧಕ್ಕೆ ನಿಲ್ಸಿ. ನನ್ ಹೆಂಡ್ತಿ ಇದನ್ನ ಒಪ್ಪಲ್ಲ, ಮಕ್ಕಳು ನಮಗಿಂತ ಚೆನ್ನಾಗಿ ಹತ್ತುತ್ವೆ ಅಂತಾಳೆ, ಹತ್ತುತ್ವೆ ನಿಜ, ಇಳಿಯುವಾಗ ಓಡ್ತವೆ, ಅದೇ ನನ್ ಭಯ.

ಇದಕ್ಕೆ ಪೂರ್ತಿ ಉಲ್ಟಾ ಕೋಲಾರದ ಅಂತರಗಂಗೆ. ಶತಶೃಂಗ ಬೆಟ್ಟಸಾಲು ಅಂತಾರೆ, ಕೋಲಾರ ಊರಿಗೆ ಅಂಟ್ಕೊಂಡಂಗೇ ಇದೆ, ಮೂರ್ನಾಲ್ಕು ಕಿಲೋಮೀಟರು ಅಷ್ಟೇ. ಮೆಟ್ಲು ಹತ್ತಿ ಹೋದ್ರೆ ಕಾಶಿ ವಿಶ್ವೇಶ್ವರನ ದೇವಸ್ಥಾನ, ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ನೀರು ಬರ್ತಾ ಇರತ್ತೆ, ಕಾಶಿ ಗಂಗೆನೇ ಒಳಗಿಂದ ಹರಿದು ಬರೋದು ಅಂತ ನಂಬಿಕೆ, ಅದಕ್ಕೇ ಆ ಹೆಸರು. ಸುತ್ತ ಕೆರೆ ಒಣಗಿದ್ದ ಕಾಲದಲ್ಲೂ ಇಲ್ಲಿ ನೀರು ನಿಲ್ಲಲಿಲ್ಲ ಅಂತ ಕೋಲಾರದೋರು ಹೆಮ್ಮೆಯಿಂದ ಹೇಳ್ಕೋತಾರೆ. ಈಗ ಕೆರೆಗಳಿಗೂ ನೀರು ಬಂದಿದೆ ಬಿಡಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡ್ತಿದಾರೆ, ಅದರ ಬಗ್ಗೆ ಅಲ್ಲಿ ಯಾರನ್ನಾದ್ರೂ ಕೇಳಿದ್ರೆ ಒಂದು ಗಂಟೆ ಮಾತಾಡ್ತಾರೆ, ಬೆಟ್ಟ ಹತ್ತೋಕೆ ಟೈಮ್ ಸಿಗಲ್ಲ.

ದೇವಸ್ಥಾನದವರ್ಗೂ ಅಜ್ಜಿನೂ ಹತ್ಬೋದು, ಕೋತಿ ಕಾಟ ಒಂದು ಬಿಟ್ರೆ. ಅಸಲಿ ಮಜ ಅದರಿಂದ ಮೇಲೆ. ಮನೆ ಗಾತ್ರದ ಗುಂಡುಗಳು ಒಂದರ ಮೇಲೊಂದು ಉರುಳಿ ಬಿದ್ದು ಸಂದೀಲಿ ಗವಿಗಳಾಗಿವೆ, ಒಂದು ಕಡೆ ಕೂತ್ಕೊಂಡು, ಒಂದು ಕಡೆ ಅಂಗಾತ ಮಲಗಿ ಜಾರ್ಕೊಂಡು, ಇನ್ನೊಂದು ಕಡೆ ಉಸಿರು ಬಿಟ್ಟು ಹೊಟ್ಟೆ ಒಳಗೆ ಎಳ್ಕೊಂಡು ತೂರ್ಬೇಕು. ಮಧುಗಿರಿಲಿ ಮಂಡಿ ನೋಯತ್ತೆ, ಇಲ್ಲಿ ಮೊಣಕೈ, ಭುಜ, ಬೆನ್ನು. ಎತ್ತರದ ಭಯ ಇರೋರಿಗೆ ಅಂತರಗಂಗೆ ಆಗತ್ತೆ, ಇಕ್ಕಟ್ಟಿನ ಭಯ ಇರೋರಿಗೆ ಮಧುಗಿರಿ. ಎರಡೂ ಭಯ ಇರೋರು ಕಲ್ಯಾಣಿ ಹತ್ರ ಕೂತು ಕಡ್ಲೆಕಾಯಿ ತಿನ್ಬೋದು, ನಮ್ ಭಾವಮೈದ ಅದೇ ಮಾಡಿದ್ದು. ಮಕ್ಕಳಿಗಂತೂ ಅಂತರಗಂಗೆ ಅಂದ್ರೆ ಪ್ರಾಣ, ಎಂಟು ವರ್ಷದ ಮೇಲಿನವು ಚೆನ್ನಾಗಿ ಮಾಡ್ತವೆ. ಬಿಸಿಲಿನ ಲೆಕ್ಕದಲ್ಲೂ ಇದೇ ವಾಸಿ, ಗವಿ ಒಳಗೆ ತಂಪು.

ಆದ್ರೆ ಒಂಟಿಯಾಗಿ ನುಗ್ಬೇಡಿ. ಗುಂಡುಗಳೆಲ್ಲ ಒಂದೇ ಥರ ಕಾಣೋದ್ರಿಂದ ಬಂದ ದಾರಿ ಮರ್ತೋಗತ್ತೆ, ಬಂಡೆ ಮೇಲೆ ಪೇಂಟಲ್ಲಿ ಬಾಣ ಬರೆದಿರ್ತಾರೆ, ಯಾರು ಯಾವ ಕಡೆಗೆ ಅಂತ ಬರೆದ್ರೋ ನಂಬೋಕಾಗಲ್ಲ. ಊರಿನ ಹುಡುಗ ಒಬ್ಬನ್ನ ಕರ್ಕೊಂಡು ಹೋಗಿ, ದುಡ್ಡು ಮೊದ್ಲೇ ಮಾತಾಡ್ಕೊಳ್ಳಿ. ಮೊಬೈಲ್ ಟಾರ್ಚ್ ಸಾಲಲ್ಲ, ತಲೆಗೆ ಕಟ್ಕೊಳ್ಳೋ ಲೈಟ್ ತಗೊಳ್ಳಿ, ಎರಡೂ ಕೈ ಖಾಲಿ ಇರ್ಬೇಕು. ನನ್ ಮೊಬೈಲ್ ಪ್ಯಾಂಟ್ ಹಿಂದಿನ ಜೇಬಿಂದ ಜಾರಿ ಸೀಳೊಳಗೆ ಬಿದ್ದು, ರಿಂಗ್ ಆಗೋದು ಕೇಳ್ತಿತ್ತು, ಕೈಗೆ ಸಿಕ್ಲಿಲ್ಲ. ಕೋಲು ಹಾಕಿ ಕೆದಕಿ ತೆಗೆಯೋಕೆ ಮುಕ್ಕಾಲು ಗಂಟೆ ಆಯ್ತು. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕೋದೂ ತಪ್ಪೇ, ಹಾವು ಚೇಳು ಇರೋ ಜಾಗ. ರಾತ್ರಿ ಟ್ರೆಕ್ಕಿಂಗ್ ಅಂತ ಬೆಂಗಳೂರಿಂದ ಗುಂಪು ಗುಂಪು ಬರ್ತಾರೆ, ನನಗದು ಇಷ್ಟ ಇಲ್ಲ, ಬಂಡೆ ನೋಡೋಕೆ ಹೋಗಿ ಕತ್ತಲೆ ನೋಡ್ಕೊಂಡು ಬರೋದು ಯಾಕೆ.

ಅಮ್ಮ ಬರ್ತಾರೆ ಅಂದ್ರೆ ಗುಡಿಬಂಡೆ. ಹೈದರಾಬಾದ್ ಹೈವೇಲಿ ಪೆರೇಸಂದ್ರಕ್ಕೆ ಬಂದು ಎಡಕ್ಕೋ ಬಲಕ್ಕೋ ಅಂತ ಅನುಮಾನ ಬಂದ್ರೆ ಊರೋರನ್ನ ಕೇಳಿ, ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು. ಪಾಳೇಗಾರ ಬೈರೇಗೌಡ ಕಟ್ಟಿಸಿದ ಕೋಟೆ, ನಿಧಾನಕ್ಕೆ ಹತ್ತಿದ್ರೂ ಒಂದು ಗಂಟೆ ಒಳಗೆ ತುದಿ, ಅಲ್ಲಿ ಈಶ್ವರನ ಗುಡಿ. ಇಲ್ಲಿ ನೋಡ್ಬೇಕಾಗಿರೋದು ದೊಣೆಗಳು. ಬಂಡೆ ಮೇಲೆ ಬಿದ್ದ ಮಳೆನೀರು ಒಂದು ದೊಣೆ ತುಂಬಿ ಇನ್ನೊಂದಕ್ಕೆ ಇಳಿಯೋ ಹಂಗೆ ಹತ್ತೊಂಬತ್ತು ದೊಣೆ ಮಾಡಿದಾರಂತೆ, ಅಮ್ಮ ಒಂದೊಂದೂ ಎಣಿಸ್ಕೊಂಡು ಹೋಗಿ ಹದಿಮೂರಕ್ಕೆ ಸುಸ್ತಾದ್ರು. ನದಿ ಇಲ್ಲದ ಸೀಮೇಲಿ ಬೆಟ್ಟದ ಮೇಲೆ ಸೈನ್ಯ ಇಟ್ಕೊಂಡು ಬದುಕೋಕೆ ಬೇರೆ ದಾರಿ ಏನಿತ್ತು ಹೇಳಿ. ಕೆಳಗೆ ಅಮಾನಿ ಬೈರಸಾಗರ ಕೆರೆ, ನೀರು ತುಂಬಿದಾಗ ಮೇಲಿಂದ ನೋಡಿದ್ರೆ ಭಾರತದ ನಕ್ಷೆ ಥರ ಕಾಣತ್ತೆ. ನಮ್ ಮಗಳಿಗೆ ಕನ್ಯಾಕುಮಾರಿ ಸಿಕ್ತು, ನನಗೆ ಗುಜರಾತ್ ಸಿಗ್ಲೇ ಇಲ್ಲ. ಬಂಡೆ ನಡಿಗೆ ಅಂತ ನೋಡಿದ್ರೆ ಮಧುಗಿರಿಯ ಕಾಲು ಭಾಗ ಇಲ್ಲ ಇದು, ಆದ್ರೆ ಮನೆಯವರೆಲ್ಲ ಒಟ್ಟಿಗೆ ತುದಿಲಿ ಕೂತು ಬುತ್ತಿ ಬಿಚ್ಚೋಕೆ ಆಗಿದ್ದು ಇಲ್ಲಿ ಒಂದೇ ಕಡೆ.

ಅದೇ ಪೆರೇಸಂದ್ರದಿಂದ ಇನ್ನೊಂದು ಕಡೆಗೆ ಹೋದ್ರೆ ಆವಲಬೆಟ್ಟ. ಲಕ್ಷ್ಮಿನರಸಿಂಹನ ದೇವಸ್ಥಾನ, ಹತ್ತೋದು ಸ್ವಲ್ಪವೇ, ಕೊಕ್ಕರೆ ಕೊಕ್ಕಿನ ಥರ ಗಾಳಿಗೆ ಚಾಚಿರೋ ಬಂಡೆ ಒಂದಿದೆ, ಎಲ್ರೂ ಬರೋದು ಅದರ ತುದಿಲಿ ನಿಂತು ಫೋಟೋ ತೆಗೆಸ್ಕೊಳ್ಳೋಕೆ. ಬಂಡೆ ಸೂಪರ್, ಫೋಟೋ ದೂರದಿಂದ ತೆಗೀರಿ, ಬಂಡೆ ಖಾಲಿ ಇದ್ರೇನೇ ಚೆನ್ನಾಗಿ ಬರತ್ತೆ.

ಭಾವಮೈದ ಮೊದ್ಲಿಂದ ಹಿಡ್ಕೊಂಡಿದ್ದು ಸ್ಕಂದಗಿರಿ. ಚಿಕ್ಕಬಳ್ಳಾಪುರದ ಪಕ್ಕದಲ್ಲೇ, ಕಳವಾರ ಬೆಟ್ಟ ಅನ್ನೋದು ಊರೋರ ಹೆಸರು, ಪಾಪಾಗ್ನಿ ಮಠದ ಹತ್ರದಿಂದ ಹತ್ತೋದು, ಹೋಗಿ ಬರೋಕೆ ಸುಮಾರು ಎಂಟು ಕಿಲೋಮೀಟರು. ಅರಣ್ಯ ಇಲಾಖೆದು ಆನ್‌ಲೈನ್ ಬುಕಿಂಗ್ ಮಾಡ್ಕೊಂಡೇ ಹೋಗ್ಬೇಕು, ಸುಮ್ನೆ ಕಾರ್ ತಗೊಂಡು ಹೋದ್ರೆ ವಾಪಸ್ ಕಳಿಸ್ತಾರೆ. ಚಳಿಗಾಲದಲ್ಲಿ ಬೆಳಗಾಗೋ ಹೊತ್ಗೆ ಮೋಡ ಕಾಲ ಕೆಳಗೆ ಹಾಲು ಚೆಲ್ಲಿದಂಗಿರತ್ತೆ, ಅದು ನಿಜ. ಆದ್ರೆ ನಾವು ಹುಡುಕ್ತಿರೋದು ಬಂಡೆ, ಮೋಡ ಅಲ್ಲ, ಮತ್ತೆ ಶನಿವಾರ ಭಾನುವಾರ ಬೆಂಗಳೂರೇ ಎದ್ದು ಬಂದಂಗೆ ಇರತ್ತೆ. ನಂದಿಗೂ ಇದೇ ಮಾತು, ಬೆಟ್ಟ ಬಿಟ್ಟು ಕೆಳಗೆ ನಂದಿ ಗ್ರಾಮದಲ್ಲಿರೋ ಭೋಗನಂದೀಶ್ವರನ ದೇವಸ್ಥಾನ ನೋಡ್ಕೊಂಡು ಮುಂದೆ ಹೋಗಿ. ಭಾವಮೈದನಿಗೆ ನಾನಿದನ್ನ ಹೇಳಿದಾಗ ಎರಡು ದಿನ ಮಾತು ಬಿಟ್ಟಿದ್ದ.

ತುಮಕೂರು ಊರಲ್ಲೇ ಇದ್ದು ಅರ್ಧ ದಿನ ಮಾತ್ರ ಇದೆ ಅನ್ನೋರಿಗೆ ದೇವರಾಯನದುರ್ಗ, ಹದಿನೈದು ಕಿಲೋಮೀಟರು, ಮೇಲಿನವರ್ಗೂ ರೋಡು, ಕೆಳಗೆ ಭೋಗ ನರಸಿಂಹ ಮೇಲೆ ಯೋಗ ನರಸಿಂಹ, ದಾರೀಲಿ ನಾಮದ ಚಿಲುಮೆ. ಸಿದ್ದರಬೆಟ್ಟ ಕೊರಟಗೆರೆ ತಾಲ್ಲೂಕು, ಮೆಟ್ಲು, ಗವಿಯೊಳಗೆ ಸಿದ್ದೇಶ್ವರ, ಗಿಡಮೂಲಿಕೆಗೆ ಹೆಸರು, ಭಕ್ತರ ಸಾಲು. ಎರಡೂ ಚೆನ್ನಾಗಿವೆ ಆದ್ರೆ ಬಂಡೆ ಮೇಲೆ ನಡೆದೆ ಅನ್ನೋ ಖುಷಿ ಸಿಗಲ್ಲ. ಅದರ ಬದ್ಲು ಕೊರಟಗೆರೆ ದಾಟಿದ್ಮೇಲೆ ಚನ್ನರಾಯನದುರ್ಗ ನೋಡಿ. ಮಧುಗಿರಿಯ ತಮ್ಮನಂಗೆ ಇದೆ, ಕೋಟೆ, ಬುರುಜು, ಹಾಸುಬಂಡೆ ಎಲ್ಲ ಇದೆ, ಜನ ಇಲ್ಲ. ಜನ ಇಲ್ಲ ಅನ್ನೋದೇ ಅದರ ತೊಂದ್ರೆನೂ ಹೌದು, ದಾರಿ ಕೇಳೋಕೆ ಯಾರೂ ಸಿಗಲ್ಲ, ಲಂಟಾನ ಬೆಳೆದು ದಾರಿ ಮುಚ್ಚಿರತ್ತೆ, ಈ ಹಳೇ ಕೋಟೆಗಳಲ್ಲಿ ನಿಧಿ ಆಸೆಗೆ ಅಗೆದಿರೋ ಗುಂಡಿಗಳು ಹುಲ್ಲಡಿ ಇರ್ತವೆ. ಈ ಕಡೆ ಬೆಟ್ಟಗಳಲ್ಲಿ ಕರಡಿ, ಚಿರತೆ ಎರಡೂ ಇವೆ, ಬೆಳಕು ಸರಿಯಾಗಿ ಹರಿದ್ಮೇಲೆ ಹತ್ತಿ, ಸಂಜೆಗೆ ಮುಂಚೆ ಕಾರಲ್ಲಿರಿ, ಮೂರು ಜನಕ್ಕಿಂತ ಕಮ್ಮಿ ಇದ್ರೆ ಹೋಗ್ಲೇಬೇಡಿ.

ಮರುಭೂಮಿ ಫೀಲೇ ಬೇಕು ಅಂತ ಹಟ ಹಿಡಿಯೋರಿಗೆ ಪಾವಗಡ. ಮಧುಗಿರಿಯಿಂದ ಮಿಡಿಗೇಶಿ ಮೇಲೆ ಹೋಗೋ ರೋಡಿದೆ ನೋಡಿ, ನಾವು ಇಲ್ಲಿವರ್ಗೂ ಸುತ್ತಿದ್ದರಲ್ಲಿ ಕಾರೊಳಗೆ ಕೂತ್ಕೊಂಡೇ ಮಜ ಸಿಕ್ಕಿದ್ದು ಅಂದ್ರೆ ಅದೇ. ಎರಡೂ ಕಡೆ ಬೋಳು ಗುಡ್ಡ, ಜಾಲಿ, ಕಡ್ಲೆಕಾಯಿ ಹೊಲ, ಮಧ್ಯ ಮಧ್ಯ ಮಿಡಿಗೇಶಿ ಕೋಟೆ ಥರ ಆಕಾಶಕ್ಕೆ ಎದ್ದಿರೋ ಕಲ್ಲು. ಮಿಡಿಗೇಶಿ ಅನ್ನೋದು ಹಿಮ್ಮಡಿವರ್ಗೂ ಕೂದಲಿದ್ದ ಹೆಣ್ಮಗಳ ಹೆಸರು ಅಂತ ಕತೆ, ಅಮ್ಮ ಅದನ್ನ ಹೇಳಿ ಮುಗಿಸೋಷ್ಟರಲ್ಲಿ ಊರು ದಾಟಿರತ್ತೆ. ಪಾವಗಡ ತಾಲ್ಲೂಕು ಮೂರು ಕಡೆಯಿಂದ ಆಂಧ್ರದೊಳಗೆ ನುಗ್ಗಿ ಕೂತಿದೆ, ಅಂಗಡೀಲಿ ಕನ್ನಡ ಕೇಳಿದ್ರೆ ತೆಲುಗು ಬೆರೆಸಿ ಉತ್ತರ ಬರತ್ತೆ. ಶನಿಮಹಾತ್ಮನ ದೇವಸ್ಥಾನಕ್ಕೆ ಬರೋರು ಸಾವಿರಾರು, ಅದರ ಹಿಂದಿನ ಕೋಟೆ ಬೆಟ್ಟ ಹತ್ತೋರು ನಾಲ್ಕು ಜನ. ತಿರುಮಣಿ ಹತ್ರ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಹದಿಮೂರು ಸಾವಿರ ಎಕರೆ, ರೈತರ ಜಮೀನು ಕೊಂಡ್ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡು ಶುರು ಮಾಡಿದ್ದು. ಬಿಸಿಲನ್ನ ಬೆಳೆ ಮಾಡ್ಕೊಂಡ ಊರು. ಬಂಡೆ ಗುಡ್ಡಗಳ ಮಧ್ಯ ನೀಲಿ ಹಾಳೆ ಹಾಸಿದಂಗೆ ಕಾಣತ್ತೆ, ದೂರದಿಂದ ನಮ್ ಮಗ ಕೆರೆ ಅಂದ್ಕೊಂಡಿದ್ದ. ಪಾವಗಡ ಸೇರಿಸ್ಕೊಂಡ್ರೆ ಒಂದು ದಿನ ಪೂರ್ತಿ ಅದಕ್ಕೇ ಹೋಗತ್ತೆ, ಕೋಲಾರ ಬಿಡ್ಬೇಕಾಗತ್ತೆ, ಅದು ನಿಮ್ಮಿಷ್ಟ.

ಕೆ.ಜಿ.ಎಫ್. ಸೈನೈಡ್ ದಿಬ್ಬಗಳನ್ನ ಮರುಭೂಮಿ ಥರ ಇದೆ ಅಂತ ವಿಡಿಯೋ ನೋಡಿ ಕೇಳೋರಿದಾರೆ. ಅದು ಬೆಟ್ಟ ಅಲ್ಲ, ಚಿನ್ನ ತೆಗೆದಾದ್ಮೇಲೆ ಉಳಿದ ಗಣಿ ಪುಡಿ ರಾಶಿ, ಗಣಿ 2001ರ ಫೆಬ್ರವರೀಲಿ ಮುಚ್ಚಿದ್ರೂ ರಾಶಿ ಹಂಗೇ ನಿಂತಿದೆ. ಗಾಳಿಗೆ ಆ ಪುಡಿ ಏಳತ್ತೆ, ಅದರ ಮೇಲೆ ಮಕ್ಕಳನ್ನ ಹತ್ತಿಸೋದು ಬೇಡ, ರೋಡಿಂದ ನೋಡಿ ಸಾಕು.

ಕೋಲಾರದವರ್ಗೂ ಹೋದ್ಮೇಲೆ ಮೂವತ್ತು ಕಿಲೋಮೀಟರ್ ಮುಂದೆ ಮುಳಬಾಗಿಲು, ಅಲ್ಲಿಂದ ಆವನಿ. ಯಾಕೋ ಈ ಊರಿನ ಹೆಸರು ಲಿಸ್ಟಲ್ಲಿ ಯಾರೂ ಹಾಕಲ್ಲ. ಕೆಳಗೆ ನೊಳಂಬರ ಕಾಲದ ದೇವಸ್ಥಾನಗಳ ಗುಂಪು, ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರೆಲ್ಲ ಒಂದೇ ಅಂಗಳದಲ್ಲಿ, ಮೇಲೆ ಬೆಟ್ಟದಲ್ಲಿ ಸೀತೆ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶ ಹುಟ್ಟಿದ್ದು ಇಲ್ಲೇ ಅಂತಾರೆ. ಒಂದು ಗಂಟೆ ಒಳಗೆ ಹತ್ಬೋದು, ಮೆಟ್ಲೂ ಇದೆ, ಗುಂಡುಗಳ ಮಧ್ಯ ತೂರೋದೂ ಇದೆ, ಹಾಸುಬಂಡೆ ಮೇಲೆ ಕೂತು ಗಾಳಿ ತಗೊಳ್ಳೋದೂ ಇದೆ, ಅಂದ್ರೆ ಮೂರು ಥರದ್ದೂ ಸ್ವಲ್ಪ ಸ್ವಲ್ಪ. ಒಂದೇ ಬೆಟ್ಟ ಆರಿಸ್ಬೇಕು, ಕಾರಲ್ಲಿ ಆರು ವರ್ಷದಿಂದ ಅರವತ್ತೆಂಟು ವರ್ಷದವರ್ಗೂ ಇದಾರೆ ಅಂದ್ರೆ ನಾನು ಗುಡಿಬಂಡೆಗಿಂತ ಆವನಿಗೇ ವೋಟ್ ಹಾಕ್ತೀನಿ. ಹೆಂಡ್ತಿ ವೋಟು ಗುಡಿಬಂಡೆಗೆ, ಕೆರೆ ಇದೆ ಅಂತ.

ಯಾವ ತಿಂಗಳು ಅನ್ನೋದು ಬೆಟ್ಟದಷ್ಟೇ ಮುಖ್ಯ. ನವೆಂಬರಿಂದ ಫೆಬ್ರವರಿ ಬೆಸ್ಟ್. ಸೆಪ್ಟೆಂಬರ್ ಅಕ್ಟೋಬರಲ್ಲಿ ನಮ್ ಕಡೆ ಮಳೆ ಜೋರು, ಬೆಟ್ಟ ಹಸಿರಾಗಿ ದೊಣೆ ತುಂಬಿ ನೋಡೋಕೆ ಚೆಂದ, ಗವಿ, ಮೆಟ್ಲು ಇರೋ ಕಡೆ ಮಾತ್ರ ಹೋಗಿ, ಹಾಸುಬಂಡೆ ಬಿಡಿ. ಏಪ್ರಿಲ್ ಮೇನಲ್ಲಿ ಬಿಸಿಲು ಒಂದೇ ಅಲ್ಲ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಬೋಳು ಬೆಟ್ಟದ ತುದಿಲಿ ಎಲ್ಲಕ್ಕಿಂತ ಎತ್ತರ ನೀವೇ. ಗುಡುಗು ಕೇಳಿದ ತಕ್ಷಣ ಇಳೀರಿ, ಒಂಟಿ ಮರದ ಕೆಳಗೆ ನಿಲ್ಬೇಡಿ.

ಒಬ್ಬೊಬ್ಬರಿಗೆ ಎರಡೂವರೆ ಮೂರು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ, ಸೌತೆಕಾಯಿ. ಮೇಲೆ ಅಂಗಡಿ ಇರಲ್ಲ. ಶೂ ಹೊಸದು ಬೇಡ, ಮೆತ್ತಗಿನ ರಬ್ಬರ್ ಸೋಲ್ ಇರೋ ಹಳೇದೇ ಇರ್ಲಿ. ಫೋಮ್ ದಪ್ಪ ಇರೋ ರನ್ನಿಂಗ್ ಶೂ ಹಾಸುಬಂಡೆ ಇಳಿಯುವಾಗ ಹೊಯ್ದಾಡತ್ತೆ. ಹತ್ತುವಾಗ ಪಾದ ಪೂರ್ತಿ ಊರಿ, ಬರೀ ಬೆರಳ ಮೇಲೆ ಹತ್ತಿದ್ರೆ ಹಿಡಿತ ತಪ್ಪತ್ತೆ. ಇಳಿಯುವಾಗ ಭಯಕ್ಕೆ ಹಿಂದಕ್ಕೆ ವಾಲ್ಬೇಡಿ, ವಾಲಿದ್ರೇನೇ ಜಾರೋದು, ಮಂಡಿ ಸ್ವಲ್ಪ ಬಗ್ಗಿಸಿ ಚಿಕ್ಕ ಚಿಕ್ಕ ಹೆಜ್ಜೆ ಇಡಿ, ತೀರಾ ಕಷ್ಟ ಆದ್ರೆ ಕೂತು ಜಾರಿ, ಪ್ಯಾಂಟ್ ಹೋದ್ರೆ ಹೋಗ್ಲಿ. ಕಾರಲ್ಲಿ ತಿಂಡಿ ಕಾಣೋ ಹಂಗೆ ಇಡ್ಬೇಡಿ, ಅಂತರಗಂಗೆ ಕೋತಿಗಳು ವೈಪರ್ ರಬ್ಬರೂ ಬಿಡಲ್ಲ.

ಕೊನೆಗೆ ನಾವು ಹಾಕ್ಕೊಂಡ ರೂಟ್ ಹೇಳ್ತೀನಿ. ಮೊದಲನೇ ದಿನ ಬೆಳಗ್ಗೆ ಐದಕ್ಕೆ ತುಮಕೂರು ಬಿಟ್ಟು, ಕತ್ತಲಲ್ಲೇ ಕೊರಟಗೆರೆ ದಾಟಿ ಮಧುಗಿರಿ, ಹತ್ತೂವರೆಗೆಲ್ಲ ಕೆಳಗೆ, ಊಟ, ಅಲ್ಲಿಂದ ಗೌರಿಬಿದನೂರು. ದಾರೀಲಿ ಸಮಯ ಇದ್ರೆ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಧಾಮ, ಬಯಲಲ್ಲಿ ಜಿಂಕೆ ಹಿಂಡು ನೋಡ್ಬೋದು. ಗೌರಿಬಿದನೂರು ಪಕ್ಕ ವಿದುರಾಶ್ವತ್ಥ, 1938ರಲ್ಲಿ ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿಸಿದ ಜಾಗ, ಅಲ್ಲಿ ಅರ್ಧ ಗಂಟೆ ನಿಂತು ಹೋಗಿ. ಎರಡನೇ ದಿನ ಗುಡಿಬಂಡೆ ಬೆಳಗ್ಗೆ, ಮಧ್ಯಾಹ್ನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಮಧ್ಯ ಚಿಂತಾಮಣಿ, ಟೈಮ್ ಇದ್ರೆ ಕೈವಾರ, ರಾತ್ರಿ ಕೋಲಾರ. ಮೂರನೇ ದಿನ ಅಂತರಗಂಗೆ, ಆಮೇಲೆ ಆವನಿ, ವಾಪಸ್ ಹೈವೇ ಹಿಡಿದು ಬೆಂಗಳೂರು ಮೇಲೆ ತುಮಕೂರು, ಆ ಟ್ರಾಫಿಕ್ಕಿಗೆ ಎರಡು ಗಂಟೆ ಜಾಸ್ತಿ ಇಟ್ಕೊಳ್ಳಿ.

ಹುಡುಗ ಬಂದ, ಮೂರೂ ದಿನ ಸುತ್ತಿದ, ಮಧುಗಿರಿ ಕಂಬಿ ಹಿಡ್ಕೊಂಡು "ಮಾವ, ಅಲ್ಲಿ ಇಂಥ ಕಡೆ ಬರೋಕೆ ಲಾಟರಿಲಿ ಪರ್ಮಿಟ್ ಸಿಗ್ಬೇಕು" ಅಂದ. ಆಮೇಲೆ ಫ್ಯಾಮಿಲಿ ಗ್ರೂಪಿಗೆ ಅವನು ಹಾಕಿದ್ದು ಒಂದೇ ಫೋಟೋ, ಅದೂ ಬೆಟ್ಟದ್ದಲ್ಲ, ಮುಳಬಾಗಿಲು ದೋಸೆದು. ಅಮ್ಮ ಅದನ್ನೂ ಕನ್ನಡಕ ಹಾಕ್ಕೊಂಡು ನೋಡಿ, ಚಟ್ನಿ ಯಾಕೆ ಇಷ್ಟೇ ಹಾಕಿದಾರೆ ಅಂತ ಕೇಳಿದ್ರು.